ಜೋಳ, ತೊಗರಿ, ಜೀವರಸಾಯನ: ಗಡಿನಾಡಿನ ಒಂದು ಶತಮಾನ

ಒಂದು ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಕಟ್ಟಡ ಎಂದು ಎದ್ದಿತು, ಭೂಮಿಯನ್ನು ಯಾರು ಕೊಟ್ಟರು, ಎಷ್ಟು ಮಂದಿ ಮುಖ್ಯೋಪಾಧ್ಯಾಯರು ಬಂದು ಹೋದರು ಎಂಬುದನ್ನು ದಾಖಲಿಸುವುದು ವಾಡಿಕೆ. ಈ ಸಂಚಿಕೆಯ ಬೇರೆ ಲೇಖನಗಳು ಆ ಕರ್ತವ್ಯವನ್ನು ನಿರ್ವಹಿಸಿವೆ. ನಾವು ಇಲ್ಲಿ ಹೇಳಹೊರಟಿರುವುದು ತರಗತಿಯ ಕೋಣೆಯೊಳಗೆ ವರ್ಷ ವರ್ಷವೂ ನಡೆದ ಒಂದು ಪಾಠದ ಚರಿತ್ರೆಯನ್ನು. ಜೀವಿಗಳ ದೇಹ ಯಾವ ಮೂಲವಸ್ತುಗಳಿಂದ ಆಗಿದೆ, ಉಂಡ ಅನ್ನ ರಕ್ತಮಾಂಸವಾಗುವ ಬಗೆ ಯಾವುದು, ಉಸಿರಿಗೂ ಶಕ್ತಿಗೂ ಏನು ಸಂಬಂಧ ಎಂದು ತಿಳಿಸುವ ಪಾಠವದು. ಪ್ರೌಢಶಾಲೆಯ ಜೀವಶಾಸ್ತ್ರವನ್ನು ಓದಿದ ಯಾವ ಹಳೆಯ ವಿದ್ಯಾರ್ಥಿಗೂ ಶರ್ಕರಪಿಷ್ಟ, ಸಸಾರಜನಕ, ಕೊಬ್ಬು, ಜೀವಸತ್ವ ಎಂಬ ಪದಗಳ ಸಾಲು ಮರೆತಿರಲಾರದು.

ಈ ಪಾಠವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು, ಜೀವರಸಾಯನ ವಿಜ್ಞಾನದ ಬಹುಪಾಲು ಮುಖ್ಯ ಶೋಧಗಳು ನಮ್ಮ ಶಾಲೆಯ ಆಯುಷ್ಯದಷ್ಟೇ ಹಳೆಯವು. ಎರಡನೆಯದು, ಆ ವಿಜ್ಞಾನದ ಒಂದು ಮಹತ್ವದ ಅಧ್ಯಾಯ ನಮ್ಮ ಸೀಮೆಯ ಜೋಳದ ರೊಟ್ಟಿಯನ್ನೇ ಕುರಿತದ್ದು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಮಕ್ಕಳಿಗೆ ಇದು ತಿಳಿದಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಶಾಲೆ ಹುಟ್ಟಿದ ಕಾಲ

ನಮ್ಮ ಶಾಲೆ ಆರಂಭವಾದ ದಶಕದಲ್ಲಿ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ ಅಥವಾ ತೆಲುಗು, ಸಂತೆಯಲ್ಲಿ ಇವೆರಡರ ಜತೆಗೆ ಮರಾಠಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಡಲು ಮುಂದಾಯಿತು. ಅದಕ್ಕಾಗಿ ವಿಜ್ಞಾನ ಗ್ರಂಥಗಳನ್ನು ಅನುವಾದಿಸುವ ಪ್ರತ್ಯೇಕ ವಿಭಾಗವನ್ನೇ ತೆರೆಯಲಾಗಿತ್ತು. ದೇಶಭಾಷೆಯೊಂದರಲ್ಲಿ ರಸಾಯನಶಾಸ್ತ್ರ, ವೈದ್ಯಶಾಸ್ತ್ರಗಳನ್ನು ಕಲಿಸಬಹುದೆಂದು ಆ ಪ್ರಯತ್ನ ತೋರಿಸಿತು. ಆದರೆ ಸಂಸ್ಥಾನದ ಕನ್ನಡ ಮಕ್ಕಳಿಗೆ ತಾಯ್ನುಡಿಯ ಓದು ಕೆಳಗಿನ ತರಗತಿಗಳಲ್ಲಿಯೇ ಮುಗಿಯುತ್ತಿತ್ತು.

ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೂ ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಬೇಕಾದ ಪದಗಳು ನೆಲೆಗೊಳ್ಳಲು ಅಂಥ ಪ್ರಯತ್ನಗಳೇ ತಳಹದಿಯಾದವು. ಅದೇ ವರ್ಷ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಹುಡುಕುವ ಸಣ್ಣದೊಂದು ಸಂಶೋಧನಾ ಘಟಕವನ್ನು ಆರಂಭಿಸಿದರು. ಆ ಘಟಕ ನಲವತ್ತು ವರ್ಷಗಳ ಅನಂತರ ನಮ್ಮ ಕಥೆಯೊಳಗೆ ಬರಲಿದೆ.

ಆಗ ಜೀವಿಗಳ ರಸಾಯನದ ಬಗ್ಗೆ ಜಗತ್ತಿಗೆ ತಿಳಿದಿದ್ದುದೆಷ್ಟು? 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಮೂತ್ರದಲ್ಲಿರುವ ಯೂರಿಯವನ್ನು ನಿರ್ಜೀವ ಲವಣದಿಂದ ಪ್ರಯೋಗಾಲಯದಲ್ಲಿ ತಯಾರಿಸಿದ್ದ. ಜೀವಿಗಳ ದೇಹದ ವಸ್ತುಗಳನ್ನು ರೂಪಿಸಲು ವಿಶೇಷವಾದ ‘ಪ್ರಾಣಶಕ್ತಿ’ ಬೇಕೆಂಬ ನಂಬಿಕೆಗೆ ಆಗ ಮೊದಲ ಪೆಟ್ಟು ಬಿತ್ತು. ಇಂದು ನಮ್ಮ ರೈತರು ಚೀಲಗಟ್ಟಲೆ ಹೊಲಕ್ಕೆ ಹಾಕುವ ಯೂರಿಯ ಗೊಬ್ಬರ ಅದೇ ವಸ್ತು. 1897ರಲ್ಲಿ ಎಡ್ವರ್ಡ್ ಬುಕ್ನರ್, ಹುದುಗುಬರಿಸುವ ಯೀಸ್ಟ್ ಕೋಶಗಳನ್ನು ಅರೆದು ಹಿಂಡಿದ ರಸವೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆಂದು ತೋರಿಸಿದ. ಕೋಶ ಸತ್ತರೂ ಅದರೊಳಗಿನ ಕಿಣ್ವ ಕೆಲಸ ಮಾಡುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಆದರೆ ಕಿಣ್ವವೆಂದರೆ ಏನು? ಈ ಪ್ರಶ್ನೆಗೆ ಉತ್ತರ ಇನ್ನೂ ಇರಲಿಲ್ಲ.

ಉತ್ತರ ದೊರೆತದ್ದು 1926ರಲ್ಲಿ. ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಒಂದು ಬಗೆಯ ಅವರೆಕಾಳಿನ ಹಿಟ್ಟಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, ಅದು ಸಸಾರಜನಕವೇ ಎಂದು ಸಾರಿದ. ಹದಿಹರೆಯದಲ್ಲಿ ಬೇಟೆಯ ಅಪಘಾತದಿಂದ ಎಡಗೈಯನ್ನು ಕಳೆದುಕೊಂಡಿದ್ದ, ಅದರಲ್ಲೂ ಹುಟ್ಟಾ ಎಡಚನಾಗಿದ್ದ ಆತ ಒಂದೇ ಕೈಯಲ್ಲಿ ಪ್ರಯೋಗ ನಡೆಸಿದವನು. ಅವನ ಮಾತನ್ನು ಹಿರಿಯ ವಿಜ್ಞಾನಿಗಳು ಹಲವು ವರ್ಷ ನಂಬಲಿಲ್ಲ. 1946ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ನಮ್ಮ ಹೊಲದ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿಯೂ ಈ ಯೂರಿಯೇಸ್ ಇದೆ. ರೈತ ಎರಚಿದ ಯೂರಿಯವನ್ನು ಒಡೆದು ಅಮೋನಿಯವಾಗಿಸುವುದು ಅದೇ.

ಇದೇ ದಶಕದಲ್ಲಿ ನಮ್ಮ ನೆರೆಯ ತೆಲುಗು ನಾಡಿನ ಒಬ್ಬರು ಜೀವರಸಾಯನದ ತಿರುಳಿಗೆ ಕೈಹಾಕಿದರು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯ ಓದಿ, ಬಡತನದ ನಡುವೆ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ದುಡಿದರು. ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಅವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಮುಂದೆ ಅದೇ ವಿಧಾನದ ನೆರವಿನಿಂದ ಸ್ನಾಯುವಿನಲ್ಲಿ ಎ.ಟಿ.ಪಿ. ಎಂಬ ಅಣುವನ್ನು ಗುರುತಿಸಿ 1929ರಲ್ಲಿ ವರದಿ ಮಾಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ಎಲ್ಲ ಜೀವಕೋಶಗಳಲ್ಲೂ ಶಕ್ತಿಯ ಚಿಲ್ಲರೆ ನಾಣ್ಯದಂತೆ ಚಲಾವಣೆಯಾಗುವ ಅಣು ಇದು. ಹೊಲದಲ್ಲಿ ಕುಂಟೆ ಹೊಡೆಯುವವನ ತೋಳಿನಲ್ಲೂ, ಪರೀಕ್ಷೆ ಬರೆಯುವ ವಿದ್ಯಾರ್ಥಿಯ ಮೆದುಳಿನಲ್ಲೂ ಪ್ರತಿ ಕ್ಷಣ ಖರ್ಚಾಗುವುದು ಇದೇ ನಾಣ್ಯ.

ಹೆಸರಿನೊಳಗಿನ ರಸಾಯನ

ನಮ್ಮ ಮಕ್ಕಳು ಒಂದೇ ವಸ್ತುವಿಗೆ ಮೂರು ನಾಲ್ಕು ಹೆಸರು ಕೇಳಿ ಬೆಳೆಯುತ್ತಾರೆ. ಕನ್ನಡ ಪುಸ್ತಕದ ಆಮ್ಲಜನಕ ತೆಲುಗಿನಲ್ಲಿ ಆಮ್ಲಜನಿ. ಜಲಜನಕ ಅಲ್ಲಿ ಉದಜನಿ. ಸಾರಜನಕ ಅಲ್ಲಿ ನತ್ರಜನಿ. ಇಂಗಾಲ ಅಲ್ಲಿ ಕರ್ಬನ. ಇದು ಮಕ್ಕಳಿಗೆ ಹೊರೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಅನುಭವ ಬೇರೆ. ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಸ್ತುವಿನ ಗುಣವೇ ತೆರೆದುಕೊಳ್ಳುತ್ತದೆ.

ಉದಾಹರಣೆಗೆ ಇಂಗ್ಲಿಷಿನ ಪ್ರೋಟೀನನ್ನು ತೆಗೆದುಕೊಳ್ಳೋಣ. 1838ರಲ್ಲಿ ಡಚ್ ರಸಾಯನಜ್ಞ ಮುಲ್ಡರ್ ಬಳಕೆಗೆ ತಂದ ಆ ಹೆಸರಿನ ಗ್ರೀಕ್ ಮೂಲಕ್ಕೆ ‘ಮೊದಲನೆಯದು’ ಎಂಬ ಅರ್ಥವಿದೆ. ಉರ್ದುವಿನಲ್ಲಿ ಅದು ಲಹ್ಮಿಯಾತ್. ಲಹ್ಮ್ ಎಂದರೆ ಮಾಂಸ. ತೆಲುಗಿನಲ್ಲಿ ಮಾಂಸಕೃತ್ತುಲು, ಅಲ್ಲಿಯೂ ಮಾಂಸವೇ. ಕನ್ನಡ ಮಾತ್ರ ಸಸಾರಜನಕ ಎಂದಿತು, ಅಂದರೆ ಸಾರಜನಕದಿಂದ ಕೂಡಿದ್ದು. ಪಿಷ್ಟದಲ್ಲಿಯೂ ಸಕ್ಕರೆಯಲ್ಲಿಯೂ ಕೊಬ್ಬಿನಲ್ಲಿಯೂ ಇರುವುದು ಮುಖ್ಯವಾಗಿ ಇಂಗಾಲ, ಜಲಜನಕ, ಆಮ್ಲಜನಕಗಳು. ಅವಕ್ಕೆ ಸಾರಜನಕ ಸೇರಿ ಅಮೈನೊ ಆಮ್ಲಗಳಾಗುತ್ತವೆ. ಅಮೈನೊ ಆಮ್ಲಗಳು ಸರಪಳಿಯಂತೆ ಕೂಡಿಕೊಂಡು ಸಸಾರಜನಕವಾಗುತ್ತವೆ. ಇಷ್ಟು ಪಾಠವೂ ನಮ್ಮ ಆ ಒಂದು ಪದದೊಳಗಿದೆ. ಬೇಳೆಯಲ್ಲಿ ‘ಮಾಂಸಕೃತ್ತು’ ಹೇಗೆ ಬಂತೆಂದು ತೆಲುಗು ಮಾಧ್ಯಮದ ಮಗು ಕೇಳಬಹುದು. ಕನ್ನಡ ಮಾಧ್ಯಮದ ಮಗುವಿಗೆ ಆ ಸಂಶಯ ಹುಟ್ಟುವುದಿಲ್ಲ. ಅದು ಕೇಳಬೇಕಾದುದು ಬೇಳೆಗೆ ಸಾರಜನಕ ಎಲ್ಲಿಂದ ಬಂತು ಎಂಬ ಇನ್ನೂ ಆಳವಾದ ಪ್ರಶ್ನೆ.

ಆ ಪ್ರಶ್ನೆಗೆ ತಾಂಡೂರಿನ ಹೊಲಗಳಲ್ಲಿ ಉತ್ತರವಿದೆ. ತೊಗರಿ ಗಿಡವನ್ನು ಎಚ್ಚರದಿಂದ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವಿಜ್ಞಾನಿಗಳು ಇದನ್ನು ಸಾಧಿಸಿ ತೋರಿಸಿದರು. 1888ರಲ್ಲಿ ಬೈಯರಿಂಕ್ ಆ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ. ತೊಗರಿ ಬೆಳೆದ ಹೊಲದಲ್ಲಿ ಮರುವರ್ಷದ ಜೋಳ ಚೆನ್ನಾಗಿ ಬರುತ್ತದೆಂಬುದು ನಮ್ಮ ಒಕ್ಕಲಿಗರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಏಕೆ ಎಂಬುದನ್ನು ರಸಾಯನ ತಿಳಿಸಿಕೊಟ್ಟಿತು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಈ ಸೀಮೆಯವರೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಬೇರಿನ ಗಂಟಿನೊಳಗಿನ ಜೀವಿಗಳಿಗೂ ಒಂದು ಪಾಲಿದೆ.

ತಟ್ಟೆಯೊಳಗಿನ ಪಾಠ

ಮನುಷ್ಯನ ದೇಹದ ತೂಕದಲ್ಲಿ ಸುಮಾರು 65 ಪಾಲು ಆಮ್ಲಜನಕ, 18 ಪಾಲು ಇಂಗಾಲ, 10 ಪಾಲು ಜಲಜನಕ, 3 ಪಾಲು ಸಾರಜನಕ. ನೂರರಲ್ಲಿ 96 ಪಾಲು ಈ ನಾಲ್ಕೇ ಧಾತುಗಳು. ಉಳಿದುದರಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮತ್ತು ರಂಜಕಗಳದ್ದು ದೊಡ್ಡ ಪಾಲು. ಅವು ಮೂಳೆ ಹಲ್ಲುಗಳಲ್ಲಿವೆ. ತಾಂಡೂರಿನ ಹಾಸುಗಲ್ಲು ಸುಣ್ಣದ ಕಲ್ಲೇ ಆದ್ದರಿಂದ, ನಮ್ಮ ತರಗತಿಯ ನೆಲಕ್ಕೂ ಅದರ ಮೇಲೆ ಕುಳಿತ ಮಗುವಿನ ಮೂಳೆಗೂ ಒಂದು ಧಾತು ಸಮಾನವೆಂದು ಹೇಳಿದಾಗ ಮಕ್ಕಳು ನೆಲವನ್ನು ಹೊಸದಾಗಿ ನೋಡುತ್ತಾರೆ.

ಪ್ರಯೋಗಾಲಯದ ಸಲಕರಣೆ ಕಡಿಮೆಯಿದ್ದ ವರ್ಷಗಳಲ್ಲಿಯೂ ಈ ಪಾಠ ನಿಲ್ಲಲಿಲ್ಲ. ಅದಕ್ಕೆ ಬೇಕಾದ ವಸ್ತುಗಳು ಅಡುಗೆಮನೆಯಲ್ಲಿಯೇ ಇವೆ. ಜೋಳದ ಹಿಟ್ಟನ್ನು ನೀರಿನಲ್ಲಿ ಕುದಿಸಿ ಆರಿಸಿ ಒಂದು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿ ಬಣ್ಣ ಮೂಡುತ್ತದೆ. ಪಿಷ್ಟವಿದೆ ಎಂಬುದಕ್ಕೆ ಅದು ಸಾಕ್ಷಿ. ಅದೇ ಗಂಜಿಗೆ ಸ್ವಲ್ಪ ಎಂಜಲು ಬೆರೆಸಿ ಹತ್ತು ಹದಿನೈದು ನಿಮಿಷ ಬೆಚ್ಚಗಿಟ್ಟು ಮತ್ತೆ ಪರೀಕ್ಷಿಸಿದರೆ ನೀಲಿ ತೆಳುವಾಗುತ್ತದೆ ಅಥವಾ ಮೂಡುವುದೇ ಇಲ್ಲ. ಎಂಜಲಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆದಿದೆ. ತೊಗರಿಬೇಳೆಯ ಕಟ್ಟಿಗೆ ಕ್ಷಾರವನ್ನೂ ಒಂದೆರಡು ಹನಿ ಮೈಲುತುತ್ತದ ದ್ರಾವಣವನ್ನೂ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಅದು ಸಸಾರಜನಕದ ಗುರುತು. ಶೇಂಗಾಬೀಜವನ್ನು ಕಾಗದದ ಮೇಲೆ ಉಜ್ಜಿದರೆ ಬೆಳಕು ತೂರುವ ಜಿಡ್ಡಿನ ಕಲೆ ಉಳಿಯುತ್ತದೆ. ಜಹೀರಾಬಾದಿನ ಕಬ್ಬಿನ ಗದ್ದೆಗಳಿಂದ ಬಂದ ಬೆಲ್ಲ ಬಹುಪಾಲು ಸುಕ್ರೋಸ್ ಎಂಬ ಸಕ್ಕರೆ.

ಜೋಳದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಶರ್ಕರಪಿಷ್ಟ, ಹತ್ತು ಪಾಲು ಸಸಾರಜನಕ. ಕೂಲಿ ಮಾಡುವವನ ಹೊಟ್ಟೆಯನ್ನು ಬಹಳ ಹೊತ್ತು ತಡೆಹಿಡಿಯುವ ಧಾನ್ಯವದು. ಆದರೆ ಸಸಾರಜನಕದ ಒಟ್ಟು ಪ್ರಮಾಣ ನೋಡಿದರೆ ಸಾಲದು. ಅದರೊಳಗಿನ ಅಮೈನೊ ಆಮ್ಲಗಳು ಯಾವ ಹಂಚಿಕೆಯಲ್ಲಿವೆ ಎಂಬುದೂ ಮುಖ್ಯ. ಸಸಾರಜನಕಗಳನ್ನು ಕಟ್ಟುವ ಅಮೈನೊ ಆಮ್ಲಗಳು ಇಪ್ಪತ್ತು. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಜೋಳದಲ್ಲಿ ಲೈಸಿನ್ ಕಡಿಮೆ. ತೊಗರಿಯಲ್ಲಿ ಲೈಸಿನ್ ಹೇರಳ, ಆದರೆ ಗಂಧಕವುಳ್ಳ ಮೆಥಿಯೊನಿನ್ ಕಡಿಮೆ. ರೊಟ್ಟಿಯನ್ನು ಬೇಳೆಯೊಂದಿಗೆ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇಳೆ ಇಲ್ಲದೆ ಖಾರದ ಜತೆ ಬರಿ ರೊಟ್ಟಿಯನ್ನೇ ಉಂಡರೆ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ. ಇಲ್ಲಿಂದ ನಮ್ಮ ಸೀಮೆಯ ಒಂದು ನೋವಿನ ಅಧ್ಯಾಯ ಆರಂಭವಾಗುತ್ತದೆ.

ಜೋಳದ ಸೀಮೆಯ ಒಂದು ರೋಗ

ಪೆಲ್ಲಾಗ್ರ ಎಂಬ ರೋಗದ ಹೆಸರು ಇಂದಿನ ನಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ಇಟಲಿಯ ಭಾಷೆಯಲ್ಲಿ ಅದಕ್ಕೆ ‘ಒರಟು ಚರ್ಮ’ ಎಂದರ್ಥ. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಗಳ ಚರ್ಮ ಕಪ್ಪಾಗಿ ಬಿರಿಯುತ್ತದೆ, ನಾಲಿಗೆ ಉರಿಯುತ್ತದೆ, ಭೇದಿ ಹಿಡಿಯುತ್ತದೆ, ಮುಂದುವರಿದರೆ ಮನಸ್ಸಿನ ಸ್ಥಿಮಿತ ತಪ್ಪಿ, ಕೊನೆಗೆ ಸಾವೂ ಬರಬಹುದು. 1735ರಲ್ಲಿ ಸ್ಪೇನಿನ ಗಾಸ್ಪರ್ ಕಸಾಲ್ ಇದನ್ನು ಮೊದಲು ವಿವರಿಸಿದ. ಮೆಕ್ಕೆಜೋಳವನ್ನೇ ನೆಚ್ಚಿದ ಯುರೋಪಿನ ಬಡ ರೈತರಲ್ಲಿಯೂ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೂ ಅದು ಹಬ್ಬಿತು. ಅಲ್ಲಿ ಅನೇಕರು ಇದನ್ನು ಅಂಟುರೋಗವೆಂದೇ ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ 1915ರಲ್ಲಿ, ಸೆರೆಮನೆಯ ಸ್ವಯಂಸೇವಕರಿಗೆ ಬಡವರ ಊಟವನ್ನೇ ಕೊಟ್ಟು ಆ ರೋಗ ಬರುವುದನ್ನು ತೋರಿಸಿ, ಕಾರಣ ಆಹಾರದ ಕೊರತೆಯೆಂದು ಸಾಧಿಸಿದ. 1937ರಲ್ಲಿ ಕಾನ್ರಡ್ ಎಲ್ವೆಹೆಮ್, ನಾಯಿಗಳಿಗೆ ಬರುವ ಇದೇ ಬಗೆಯ ‘ಕರಿನಾಲಿಗೆ’ ರೋಗ ನಿಕೋಟಿನಿಕ್ ಆಮ್ಲದಿಂದ ಗುಣವಾಗುತ್ತದೆಂದು ಕಂಡುಹಿಡಿದ. ನಿಯಾಸಿನ್ ಎಂದು ಕರೆಯುವ ಬಿ ಗುಂಪಿನ ಜೀವಸತ್ವವಿದು.

ಇದರ ರಸಾಯನ ಹೀಗಿದೆ. ಆಹಾರದಿಂದ ಶಕ್ತಿ ಬಿಡುಗಡೆಯಾಗುವಾಗ ಜಲಜನಕವನ್ನೂ ಅದರ ಎಲೆಕ್ಟ್ರಾನುಗಳನ್ನೂ ಒಂದು ಅಣುವಿನಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುವ ಎನ್.ಎ.ಡಿ. ಎಂಬ ಸಹಾಯಕ ಅಣುವೊಂದಿದೆ. ಅದನ್ನು ಕಟ್ಟಲು ನಿಯಾಸಿನ್ ಬೇಕು. ಅದು ಸಾಲದಿದ್ದರೆ ಎ.ಟಿ.ಪಿ.ಯ ತಯಾರಿ ಕುಂಟುತ್ತದೆ. ಬೇಗ ಬೇಗ ಹೊಸದಾಗಬೇಕಾದ ಚರ್ಮ ಮತ್ತು ಕರುಳಿನ ಒಳಪದರ, ಹೆಚ್ಚು ಶಕ್ತಿ ಬೇಡುವ ಮೆದುಳು ಮೊದಲು ಸೋಲುತ್ತವೆ. ನಿಯಾಸಿನ್ ಆಹಾರದಿಂದ ನೇರವಾಗಿ ಬರಬಹುದು. ಇಲ್ಲವೆ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ದೇಹದೊಳಗೇ ತಯಾರಾಗಬಹುದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನಿನಿಂದ 1 ಮಿಲಿಗ್ರಾಂ ನಿಯಾಸಿನ್ ಎಂಬುದು ಸಾಮಾನ್ಯ ಲೆಕ್ಕ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಬಹಳ ಕಡಿಮೆ, ನಿಯಾಸಿನ್ ಬಿಗಿಯಾಗಿ ಬಂಧಿತವಾಗಿರುತ್ತದೆ. ಆದುದರಿಂದ ಅದನ್ನೇ ನೆಚ್ಚಿದವರಿಗೆ ರೋಗ. ಮೆಕ್ಸಿಕೋದ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದುದರಿಂದ ಆ ಬಂಧ ಸಡಿಲಗೊಂಡು ಅವರು ಬಹುಮಟ್ಟಿಗೆ ಪಾರಾದರು. ಧಾನ್ಯ ಯುರೋಪಿಗೆ ಹೋಯಿತು. ಅದನ್ನು ಬೇಯಿಸುವ ಪದ್ಧತಿ ಹೋಗಲಿಲ್ಲ.

1958ರಲ್ಲಿ ಕೂನೂರಿನ ಆ ಸಂಶೋಧನಾಲಯ ಹೈದರಾಬಾದಿಗೆ ಸ್ಥಳಾಂತರಗೊಂಡಿತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆದದ್ದು ಇದೇ. ಇಲ್ಲಿಗೆ ಬಂದ ವಿಜ್ಞಾನಿಗಳಿಗೆ ದಖನ್ನಿನ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರ ಕಂಡಿತು. ಪುಸ್ತಕದ ಪ್ರಕಾರ ಅದು ಇಲ್ಲಿ ಇರಬಾರದು. ಏಕೆಂದರೆ ಇಲ್ಲಿಯ ಜನ ಉಣ್ಣುವುದು ಮೆಕ್ಕೆಜೋಳವನ್ನಲ್ಲ, ಜೋಳವನ್ನು. ಜೋಳದಲ್ಲಿ ಟ್ರಿಪ್ಟೊಫ್ಯಾನಿಗೆ ಅಷ್ಟೊಂದು ಕೊರತೆಯಿಲ್ಲ. ನಿಯಾಸಿನ್ ಅಕ್ಕಿಯಲ್ಲಿರುವುದಕ್ಕಿಂತ ಕಡಿಮೆಯೂ ಅಲ್ಲ. ಹಾಗಾದರೆ ಅಕ್ಕಿ ಉಣ್ಣುವ ಬಡವನಿಗೆ ಬಾರದ ರೋಗ ಜೋಳ ಉಣ್ಣುವ ಬಡವನಿಗೆ ಏಕೆ ಬಂತು?

ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು. ಮೆಕ್ಕೆಜೋಳ ಮತ್ತು ಜೋಳ ಎರಡರಲ್ಲೂ ಸಮಾನವಾಗಿ ಹೆಚ್ಚಿರುವುದು ಲ್ಯೂಸಿನ್ ಎಂಬ ಅಮೈನೊ ಆಮ್ಲ. ಲ್ಯೂಸಿನ್ ಅತಿಯಾದರೆ ಟ್ರಿಪ್ಟೊಫ್ಯಾನ್ ಹಾಗೂ ನಿಯಾಸಿನ್‌ಗಳ ಬಳಕೆಗೆ ತೊಡಕಾಗುತ್ತದೆ ಎಂಬುದು ಅವರ ವಾದ. ಅಲ್ಲಿಯವರೆಗೆ ‘ಕೊರತೆ’ಯ ರೋಗವೆಂದು ತಿಳಿದಿದ್ದುದನ್ನು ಅವರು ‘ಅಸಮತೋಲನ’ದ ರೋಗವೆಂದು ನೋಡಿದರು. 1965ರಲ್ಲಿ ಅದೇ ಸಂಸ್ಥೆಯವರು ಜೋಳದ ಆಹಾರ ಕೊಟ್ಟ ನಾಯಿಗಳಲ್ಲಿ ಕರಿನಾಲಿಗೆ ರೋಗ ಬರುವುದನ್ನು ವರದಿ ಮಾಡಿದರು.

ಅಣುಗಳು ಅವೇ, ಜೋಡಣೆ ಬೇರೆ

ಇನ್ನೊಂದು ಹೆಜ್ಜೆ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದುದು. ಲ್ಯೂಸಿನ್‌ನಲ್ಲಿ ಆರು ಇಂಗಾಲ, ಹದಿಮೂರು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕದ ಪರಮಾಣುಗಳಿವೆ. ಐಸೊಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲದಲ್ಲಿಯೂ ಲೆಕ್ಕಕ್ಕೆ ಅಷ್ಟೇ ಪರಮಾಣುಗಳಿವೆ. ಕವಲೊಡೆಯುವ ಜಾಗ ಮಾತ್ರ ಒಂದು ಇಂಗಾಲದಷ್ಟು ಪಕ್ಕಕ್ಕೆ ಸರಿದಿದೆ. ಹೈದರಾಬಾದಿನ ಸಂಶೋಧಕರು ಪೆಲ್ಲಾಗ್ರ ರೋಗಿಗಳಿಗೆ ಐಸೊಲ್ಯೂಸಿನ್ ಕೊಟ್ಟಾಗ ಸುಧಾರಣೆ ಕಂಡುದನ್ನು 1971ರಲ್ಲಿ ಪ್ರಕಟಿಸಿದರು. ಒಂದರ ಅತಿಯನ್ನು ಅದರ ಸೋದರನಂತಿರುವ ಇನ್ನೊಂದು ಸರಿದೂಗಿಸಿತೆಂದು ಅವರು ಅರ್ಥೈಸಿದರು. ರಸಾಯನಶಾಸ್ತ್ರದ ಪುಸ್ತಕದಲ್ಲಿ ‘ಸಮಾಂಗಿ’ ಎಂಬ ಒಣ ವ್ಯಾಖ್ಯೆಯಾಗಿ ಬರುವ ಮಾತಿಗೆ ಇದಕ್ಕಿಂತ ಜೀವಂತ ಉದಾಹರಣೆ ಬೇಕೆ?

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಬೇರೆ ದೇಶಗಳ ಕೆಲವು ಪ್ರಯೋಗಾಲಯಗಳಲ್ಲಿ ಫಲಿತಾಂಶಗಳು ಒಂದೇ ಬಗೆಯಾಗಿ ಬರಲಿಲ್ಲ. ಇತರ ಜೀವಸತ್ವಗಳ ಕೊರತೆಯೂ ಸೇರಿದಾಗ ಮಾತ್ರ ಲ್ಯೂಸಿನ್ ಕೇಡು ಮಾಡುತ್ತದೆಯೆ ಎಂಬ ಚರ್ಚೆ ನಡೆಯಿತು. ಪ್ರಶ್ನೆ ಕೇಳುವುದು, ಅಳೆಯುವುದು, ಭಿನ್ನಾಭಿಪ್ರಾಯವನ್ನು ಮತ್ತೆ ಪ್ರಯೋಗಕ್ಕೆ ಒಡ್ಡುವುದು ವಿಜ್ಞಾನದ ಕ್ರಮ. ನಮ್ಮ ಊರುಗಳಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ನಮ್ಮ ಊಟದ ಧಾನ್ಯವನ್ನೇ ಕುರಿತು ಆ ಕ್ರಮ ನಡೆಯಿತೆಂಬುದು ಇಲ್ಲಿಯ ವಿಶೇಷ.

ಈ ನಡುವೆ ಜಗತ್ತಿನ ಜೀವರಸಾಯನ ದಾಪುಗಾಲಿಟ್ಟಿತ್ತು. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಆಹಾರ ಉರಿಯುವ ಚಕ್ರವನ್ನು ಬಿಡಿಸಿದ, 1953ರಲ್ಲಿ ಡಿ.ಎನ್.ಎ.ಯ ಜೋಡಿಸುರುಳಿ ತಿಳಿಯಿತು, ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಚರ್ಮ ಮೂಳೆಗಳ ಕೊಲ್ಲಾಜನ್ ಎಂಬ ಸಸಾರಜನಕಕ್ಕೆ ಮೂರೆಳೆಯ ರಚನೆಯನ್ನು ಸೂಚಿಸಿದರು. ತಳಿಸಂಕೇತವನ್ನು ಓದಿದವರಲ್ಲಿ ಒಬ್ಬರಾದ ಹರಗೋಬಿಂದ್ ಖುರಾನಾ 1968ರಲ್ಲಿ ನೊಬೆಲ್ ಪಡೆದರು. 1977ರಲ್ಲಿ ಹೈದರಾಬಾದಿನಲ್ಲಿ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರ ತಲೆಯೆತ್ತಿತು. ಇವೆಲ್ಲ ಒಂದೊಂದಾಗಿ ಪಠ್ಯಪುಸ್ತಕದೊಳಕ್ಕೆ ಬಂದವು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಮರುರಚನೆಯಾದಾಗ ಬೀದರ್, ಕಲಬುರಗಿಗಳು ಮೈಸೂರು ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಎಂಬ ಹೊಸ ಜಿಲ್ಲೆಗಳು. ನಮ್ಮ ಊರುಗಳ ವಿಳಾಸ ಮತ್ತೆ ಮತ್ತೆ ಬದಲಾಯಿತು. ಕರಿಹಲಗೆಯ ಮೇಲಿನ ಕನ್ನಡ ಬದಲಾಗಲಿಲ್ಲ.

ರೋಗ ಮರೆಯಾದ ಬಗೆ

ಪೆಲ್ಲಾಗ್ರ ನಮ್ಮ ಸೀಮೆಯಿಂದ ಹಿಂದೆ ಸರಿದದ್ದು ಔಷಧವೊಂದರಿಂದಲೇ ಅಲ್ಲ. ನೀರಾವರಿ, ಕೂಲಿಯ ಏರಿಕೆ, ಮಾರುಕಟ್ಟೆ ಇವೆಲ್ಲ ಸೇರಿ ಊಟ ಬದಲಾಯಿತು. 1983ರಲ್ಲಿ ಆಂಧ್ರಪ್ರದೇಶ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿಯನ್ನು ಪಡಿತರದಲ್ಲಿ ಕೊಡತೊಡಗಿದ ಮೇಲೆ ಜೋಳದ ಜಾಗಕ್ಕೆ ಅನ್ನ ಬಂದಿತು. ಬಡವರ ಹಸಿವನ್ನು ಅದು ತಣಿಸಿತೆಂಬುದರಲ್ಲಿ ಸಂಶಯವಿಲ್ಲ. ಜತೆಗೆ ಜೋಳ, ನವಣೆ, ಸಜ್ಜೆಗಳು ಹೊಲದಿಂದಲೂ ಹಿಂದೆ ಸರಿದವು. ಅದೇ 1983ರಲ್ಲಿ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ಹೆಣ್ಣುಮಕ್ಕಳು ಆ ಬೀಜಗಳನ್ನು ಬೂದಿ, ಬೇವಿನೆಲೆಗಳಲ್ಲಿ ಜೋಪಾನಮಾಡಿ ಮತ್ತೆ ಬಿತ್ತಿದರು. 2019ರಲ್ಲಿ ಅವರ ಕೆಲಸಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು. ಅಕ್ಷರ ಕಲಿಯುವ ಅವಕಾಶ ದೊರೆಯದ ಅನೇಕರು ಅವರಲ್ಲಿದ್ದಾರೆಂಬುದನ್ನು ನಾವು ಶಾಲೆಯವರು ವಿನಯದಿಂದ ನೆನೆಯಬೇಕು.

ಇಂದು ಸಿರಿಧಾನ್ಯವೆಂಬ ಹೆಸರಿನಲ್ಲಿ ಜೋಳವನ್ನು ನಗರದವರು ಹೊಗಳುತ್ತಿದ್ದಾರೆ. ಐವತ್ತು ಅರವತ್ತು ವರ್ಷಗಳ ಹಿಂದೆ ಅದೇ ಜೋಳದ ಹೆಸರು ರೋಗದ ವರದಿಯಲ್ಲಿತ್ತು. ಯಾವುದು ನಿಜ? ಎರಡೂ ನಿಜ. ಜೋಳ ಒಳ್ಳೆಯ ಧಾನ್ಯ. ಜೋಳವೊಂದನ್ನೇ ಉಣ್ಣಬೇಕಾದ ಬಡತನ ಕೆಟ್ಟದ್ದು. ಅದೇ ರೊಟ್ಟಿಯ ಜತೆ ತೊಗರಿಬೇಳೆ, ಪುಂಡಿಪಲ್ಯ, ಮಜ್ಜಿಗೆ, ನಿಯಾಸಿನ್ ಸಮೃದ್ಧವಾಗಿರುವ ಶೇಂಗಾ ಹಿಂಡಿ ಇದ್ದ ಮನೆಗೆ ಪೆಲ್ಲಾಗ್ರ ಬರಲು ದಾರಿಯಿರಲಿಲ್ಲ. ರೋಗ ಬಂದದ್ದು ಹೊಲವಿಲ್ಲದ, ಹೈನವಿಲ್ಲದ ಕೂಲಿಯವರ ಮನೆಗೆ. ರಸಾಯನದ ಸಮೀಕರಣದಲ್ಲಿ ಕಾಣದ ಈ ಅಂಶವನ್ನು ಚರಿತ್ರೆ ಸೇರಿಸಬೇಕಾಗುತ್ತದೆ.

ನಮ್ಮ ಸೀಮೆಯ ಎಳ್ಳಮಾಸಿಯ ಊಟವನ್ನು ನೆನಪಿಸಿಕೊಳ್ಳಿ. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಆ ದಿನ ಜೋಳದ ಅಂಬಲಿ, ಸಜ್ಜೆಯ ರೊಟ್ಟಿ, ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಬಗೆಬಗೆಯ ಸೊಪ್ಪು ಸೇರಿಸಿ ಕುದಿಸಿದ ಭಜ್ಜಿ. ಲೈಸಿನ್, ಟ್ರಿಪ್ಟೊಫ್ಯಾನ್, ಐಸೊಲ್ಯೂಸಿನ್, ನಿಯಾಸಿನ್ ಎಲ್ಲವೂ ಒಂದೇ ತಟ್ಟೆಯಲ್ಲಿ. ಹಿರಿಯರಿಗೆ ಅಮೈನೊ ಆಮ್ಲಗಳು ಗೊತ್ತಿದ್ದವೆಂದು ನಾವು ಹೇಳುವುದಿಲ್ಲ; ಹಾಗೆ ಹೇಳುವುದು ವಿಜ್ಞಾನಕ್ಕೂ ಹಿರಿಯರಿಗೂ ಸಲ್ಲದು. ಹೊಲದಲ್ಲಿ ಬೆಳೆದುದೆಲ್ಲ ಒಟ್ಟಿಗೆ ಉಣ್ಣಬೇಕೆಂಬ ರುಚಿ ಅವರಿಗಿತ್ತು. ಆ ರುಚಿ ವರ್ಷಕ್ಕೊಂದು ದಿನವಲ್ಲದೆ ವರ್ಷವಿಡೀ, ಉಳ್ಳವರಿಗಲ್ಲದೆ ಎಲ್ಲರಿಗೂ ದಕ್ಕಬೇಕಿತ್ತು.

ಮುಂದಿನ ತಲೆಮಾರಿಗೆ

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯ ಬಳಿಕ ಇಂಗ್ಲಿಷ್ ಅಥವಾ ತೆಲುಗು ಮಾಧ್ಯಮಕ್ಕೆ ಹೋಗುತ್ತಾರೆ. ಕನ್ನಡದಲ್ಲಿ ಜೀವಶಾಸ್ತ್ರ ಓದಿ ಏನು ಪ್ರಯೋಜನ ಎಂದು ಪಾಲಕರು ಕೇಳುತ್ತಾರೆ. ದಾಖಲಾತಿಯ ಪುಸ್ತಕದಲ್ಲಿ ಪ್ರತಿ ಜೂನ್ ತಿಂಗಳು ಆ ಪ್ರಶ್ನೆಯ ನೆರಳು ಕಾಣುತ್ತದೆ. ನಾವು ಕೊಡುವ ಉತ್ತರ ಇಷ್ಟೆ: ಮಗು ಮೊದಲು ಅರ್ಥವನ್ನು ಹಿಡಿಯಬೇಕು, ಹೆಸರು ಆಮೇಲೆ ಎಷ್ಟು ಬೇಕಾದರೂ ಬದಲಾಗಬಹುದು. ಸಸಾರಜನಕದಲ್ಲಿ ಸಾರಜನಕವಿದೆ ಎಂದು ತಿಳಿದ ಮಗು ಪ್ರೋಟೀನ್ ಎಂಬ ಪದವನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಪದವನ್ನು ಮಾತ್ರ ಬಾಯಿಪಾಠ ಮಾಡಿದ ಮಗು ತನ್ನ ತಟ್ಟೆಯ ಬೇಳೆಯಲ್ಲಿ ಅದನ್ನು ಗುರುತಿಸಲಾರದು. ಆದ್ದರಿಂದ ಒಂಬತ್ತನೆಯ ತರಗತಿಯಿಂದಲೇ ಕನ್ನಡ, ತೆಲುಗು, ಇಂಗ್ಲಿಷ್ ಮೂರರ ಪದಗಳನ್ನೂ ಪಕ್ಕಪಕ್ಕದಲ್ಲಿ ಬರೆಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಮೇಲಿನ ಓದಿಗೆ ಹೋದವರು ದಾಟಬೇಕಾದ ಹೊಳೆಗೆ ಅದು ಕಾಲುಸಂಕ.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬೇಡಿಕೆಯಿದೆ. ನಿಮ್ಮಲ್ಲಿ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಕೃಷಿಕರಿದ್ದೀರಿ, ಔಷಧ ಕಾರ್ಖಾನೆಗಳಲ್ಲಿ ದುಡಿಯುವವರಿದ್ದೀರಿ. ಊರಿಗೆ ಬಂದಾಗ ಒಂದು ಗಂಟೆಯನ್ನು ಜೀವಶಾಸ್ತ್ರದ ತರಗತಿಗೆ ಕೊಡಿ. ನಿಮ್ಮ ಕೆಲಸದಲ್ಲಿ ಈ ಅಣುಗಳನ್ನು ಎಲ್ಲಿ ಕಾಣುತ್ತೀರಿ ಎಂದು ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಮನೆಯ ಹಿರಿಯರು ಇನ್ನೂ ಇದ್ದರೆ, ಜೋಳವೇ ಊಟವಾಗಿದ್ದ ದಿನಗಳಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿತ್ತು, ಯಾವ ತಿಂಗಳು ಬೇಳೆ ಮುಗಿಯುತ್ತಿತ್ತು, ಕೈಕಾಲ ಚರ್ಮ ಬಿರಿದವರನ್ನು ಜನ ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದಿಡಿ. ಪ್ರಯೋಗಾಲಯದ ವರದಿಗಳಲ್ಲಿ ರೋಗಿಗಳಿಗೆ ಸಂಖ್ಯೆಗಳಿರುತ್ತವೆ, ಹೆಸರುಗಳಿರುವುದಿಲ್ಲ. ಆ ಊಟದ, ಆ ಹಸಿವಿನ ವಿವರ ನಮ್ಮ ಮನೆಗಳ ನೆನಪಿನಲ್ಲಿ ಮಾತ್ರ ಉಳಿದಿದೆ. ನೆನಪುಳ್ಳವರು ದಿನೇದಿನೇ ಕಡಿಮೆಯಾಗುತ್ತಿರುವುದರಿಂದ, ಈ ಕೆಲಸವನ್ನು ಈ ವರ್ಷವೇ ಆರಂಭಿಸಬೇಕೆಂದು ನಮ್ಮ ಕೋರಿಕೆ.